ಅಕ್ಷತೆಯೂ ಗ್ರಾಫಿಕ್ಸ್ ಕಾರ್ಡೂ

ಕಂಪ್ಯೂಟರೆಂಬುದು ಯಾವ ಕೆಲಸವನ್ನೇ ಆಗಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸಿಬಿಡುತ್ತದೆಂದು ದೃಢವಾಗಿ ನಂಬಿದವರು, ಮನೆಯ ಸಾಧಾರಣ ಯಂತ್ರವೊಂದರ ಮುಂದೆ ಕುಳಿತು, ಒಂದು ಮದುವೆಯ ವೀಡಿಯೊವನ್ನು ತಮ್ಮ ಕೈಯಾರೆ ಎನ್‌ಕೋಡ್ ಮಾಡಿ ನೋಡಬೇಕು. ವರ್ಷದ ಲೆಕ್ಕಪತ್ರವನ್ನು ಕ್ಷಣಾರ್ಧದಲ್ಲಿ ಕೂಡಿ ಕಳೆದು ಒಪ್ಪಿಸುವ, ನಿಘಂಟಿನ ಲಕ್ಷ ಪದಗಳ ನಡುವಿನಿಂದ ಬೇಕಾದುದನ್ನು ಕೇಳಿದೊಡನೆಯೇ ಹೆಕ್ಕಿ ಕೊಡುವ ಆ ಚತುರ ಯಂತ್ರವೇ ಈ ಒಂದು ಕಾರ್ಯಕ್ಕೆ ತೊಡಗಿದ ಕೂಡಲೆ ಏದುಸಿರು ಬಿಡಲಾರಂಭಿಸಿ, ಒಳಗಣ ಫ್ಯಾನನ್ನು ಭೋರ್ಗರೆಸಿ, ಪರದೆಯ ಮೇಲಣ ಪಟ್ಟಿ ಮುಂದೆ ಸರಿಯಿತೋ ಇಲ್ಲವೋ ಎಂಬ ಸಂಶಯವನ್ನು ನೋಡುವವರಲ್ಲಿ ಹುಟ್ಟಿಸಿ, ಕಟ್ಟಕಡೆಗೆ ಇನ್ನು ಎಂಟು ಗಂಟೆ ಉಳಿದಿದೆಯೆಂದು ನಿರ್ದಾಕ್ಷಿಣ್ಯವಾಗಿ ಬರೆದು ತೋರಿಸುತ್ತದೆ. ಈ ವಿಳಂಬವನ್ನು ಯಂತ್ರದ ಅಸಾಮರ್ಥ್ಯವೆಂದು ಬಗೆದು ಹಳಿಯುವವರೇ ಹೆಚ್ಚು. ಆದರೆ ಆ ಎಂಟು ಗಂಟೆಗಳ ಕಾಲ ಅದು ಮಾಡುತ್ತಿರುವುದಾದರೂ ಏನೆಂದು ಸ್ವಲ್ಪ ವಿಚಾರಿಸಿದರೆ, ಹಳಿಯುವ ನಾಲಿಗೆ ತಾನಾಗಿಯೇ ಮೆದುವಾಗುತ್ತದೆ.

ಚಲಿಸುವ ಚಿತ್ರವನ್ನು ಇದ್ದುದನ್ನು ಇದ್ದಂತೆಯೇ ಕೂಡಿಡುವುದು ಗೃಹಸ್ಥನಾದವನಿಗೆ ಸಾಧ್ಯವಾದ ಮಾತಲ್ಲ. ಈಗಿನ ಮದುವೆಗಳಲ್ಲಿ ವೀಡಿಯೊದವರು ಹೊತ್ತು ತರುವ ಫೋರ್-ಕೆ ಕ್ಯಾಮೆರಾದ ಒಂದೊಂದು ಫ್ರೇಮಿನಲ್ಲಿಯೂ ಅಡ್ಡಲಾಗಿ 3,840, ಲಂಬವಾಗಿ 2,160, ಒಟ್ಟು 82,94,400 ಪಿಕ್ಸೆಲ್‌ಗಳಿರುತ್ತವೆ. ಕಣ್ಣಿಗೆ ಬೆಳಕಿನ ವಿವರ ಬೇಕಾದಷ್ಟು ಬಣ್ಣದ ವಿವರ ಬೇಡವೆಂಬ ಕಾರಣದಿಂದ ಬಣ್ಣವನ್ನು ಮೊದಲೇ ನಾಲ್ಕರಲ್ಲೊಂದು ಪಾಲಿಗೆ ಇಳಿಸಿ ಲೆಕ್ಕ ಹಾಕಿದರೂ, ಫ್ರೇಮೊಂದಕ್ಕೆ 1 ಕೋಟಿ 24 ಲಕ್ಷ ಬೈಟುಗಳಾಗುತ್ತವೆ. ಸೆಕೆಂಡಿಗೆ 25ರಂತೆ ಗಂಟೆಗೆ 90,000 ಫ್ರೇಮುಗಳು. ಎಂದಮೇಲೆ ಒಂದು ಗಂಟೆಯ ಮಂಗಳಕಾರ್ಯ 1,100 ಗಿಗಾಬೈಟುಗಳನ್ನೂ ಮೀರಿ ನಿಲ್ಲುತ್ತದೆ. ಇದನ್ನರಿತೇ ಕ್ಯಾಮೆರಾ ತಾನು ಚಿತ್ರಿಸುವಾಗಲೇ ಒಂದು ಸಲ ಹಿಂಡಿ, ಸೆಕೆಂಡಿಗೆ 100 ಮೆಗಾಬಿಟ್ಟಿನ ಲೆಕ್ಕದಲ್ಲಿ ಗಂಟೆಗೆ 45 ಗಿಗಾಬೈಟುಗಳಿಗೆ ಇಳಿಸಿಕೊಡುತ್ತದೆ. ಆ 45 ಕೂಡ, ಬೀಗರಿಗೆ ಪೆನ್‌ಡ್ರೈವಿನಲ್ಲಿ ಕೊಡುವುದಕ್ಕಾಗಲಿ, ಸಮುದ್ರದಾಚೆಯ ಬಂಧುಗಳಿಗೆ ಕಳುಹಿಸುವುದಕ್ಕಾಗಲಿ ಒಗ್ಗುವ ಗಾತ್ರವಲ್ಲವಾದ ಕಾರಣ, ಮನೆಯಲ್ಲಿ ಮತ್ತೊಮ್ಮೆ ಹಿಂಡಬೇಕಾಗುತ್ತದೆ.

ಹಿಂಡುವುದೆಂದರೆ ಬಿಸುಡುವುದು. ಏನನ್ನು ಬಿಸುಟರೆ ನೋಡುವವನಿಗೆ ಆ ನಷ್ಟ ತಿಳಿಯಲಾರದೆಂಬುದನ್ನು ನಿರ್ಣಯಿಸುವುದರಲ್ಲಿಯೇ ಎನ್‌ಕೋಡಿಂಗಿನ ಸಮಸ್ತ ವಿದ್ಯೆಯೂ ಅಡಗಿದೆ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದು ಚೌಕದ ಬೆಳಕು ನೆರಳುಗಳನ್ನು ಮಂದವಾಗಿ ಏರಿಳಿಯುವ ಅಲೆಗಳೆಂದೂ ತೀವ್ರವಾಗಿ ಏರಿಳಿಯುವ ಅಲೆಗಳೆಂದೂ ವಿಂಗಡಿಸಿ, ಕಣ್ಣು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳದ ತೀವ್ರ ಅಲೆಗಳನ್ನು ಸ್ಥೂಲವಾಗಿ ಗುರುತಿಸಿಕೊಂಡು ಇಲ್ಲವೆ ಪೂರ್ತಿಯಾಗಿ ಕೈಬಿಟ್ಟು ಮುಂದುವರಿಯುವ ಗಣಿತವೊಂದುಂಟು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಅದರ ಹೆಸರು. ಇದರ ಮೂಲಪುರುಷರಾದ ನಾಸಿರ್ ಅಹ್ಮದ್ ಅವರು 1940ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿ, 1961ರಲ್ಲಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದು, ಮುಂದಿನ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ವಿಚಾರವನ್ನು ಮುಂದಿಟ್ಟು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಲ್ಲಿ ಧನಸಹಾಯ ಬೇಡಿದಾಗ, ವಿಚಾರವು ತೀರ ಸರಳವಾಯಿತೆಂದು ತೋರಿದ್ದರಿಂದ ಸಹಾಯ ದೊರೆಯಲಿಲ್ಲ. ಅವರಾದರೋ ಬಿಡದೆ, ಶಿಷ್ಯರಾದ ಟಿ. ನಟರಾಜನ್ ಮತ್ತು ಸಹೋದ್ಯೋಗಿ ಮಿತ್ರರಾದ ಕೆ. ಆರ್. ರಾವ್ ಅವರೊಡಗೂಡಿ 1974ರ ಜನವರಿಯಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು. ಇಂದು ಫೋನಿನಲ್ಲಿ ತೆಗೆಯುವ ಜೆಪೆಗ್ ಚಿತ್ರದಿಂದ ಹಿಡಿದು ಮನೆಯ ಟಿ.ವಿ.ಗೆ ಬರುವ ಚಲನಚಿತ್ರದವರೆಗೆ ಆ ಸರಳ ವಿಚಾರವು ಹೊಕ್ಕು ಕುಳಿತಿರದ ವಸ್ತು ವಿರಳ. ಗ್ರಾಫಿಕ್ಸ್ ಕಾರ್ಡುಗಳನ್ನು ರಾಶಿ ಹಾಕಿಕೊಂಡು ಮಾರುವ ಬೆಂಗಳೂರಿನ ಎಸ್.ಪಿ. ರಸ್ತೆಗೂ ಕೆ.ಆರ್. ವೃತ್ತದ ಆ ಹಳೆಯ ಕಾಲೇಜಿಗೂ ನಡೆದು ಹೋಗುವಷ್ಟೇ ದೂರವಿದ್ದರೂ, ಕಾರ್ಡು ಕೊಳ್ಳಲು ಬಂದ ಹುಡುಗರಲ್ಲಿ ಈ ಸಂಬಂಧವನ್ನು ಬಲ್ಲವರು ಎಷ್ಟು ಮಂದಿಯಿದ್ದಾರೋ!

ಬಿಸುಡುವ ವಿದ್ಯೆಯ ಎರಡನೆಯ ಅಂಗವೇ ಚಲನೆಯ ಶೋಧ. ಈ ಫ್ರೇಮಿನಲ್ಲಿರುವ ಪುರೋಹಿತರ ಶಲ್ಯದ ಅಂಚು ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತೆಂದು ಹುಡುಕಿ ಹಿಡಿದರೆ, ಅಂಚನ್ನು ಮತ್ತೆ ಬರೆಯದೆ, ಅದು ಇಷ್ಟು ಬಲಕ್ಕೆ ಇಷ್ಟು ಕೆಳಕ್ಕೆ ಸರಿಯಿತೆಂಬ ಮಾತನ್ನಷ್ಟೇ ಬರೆದಿಟ್ಟರೆ ಸಾಕಾಗುತ್ತದೆ. ಹೇಳುವುದಕ್ಕೆ ಸುಲಭ, ಹುಡುಕುವುದೇ ಕಷ್ಟ. 2013ರಲ್ಲಿ ಅಂಗೀಕೃತವಾದ ಎಚ್.265 ಎಂಬ ಪದ್ಧತಿಯಲ್ಲಿ ಫೋರ್-ಕೆ ಫ್ರೇಮೊಂದು 64 ಪಿಕ್ಸೆಲ್ ಅಗಲದ 2,040 ಚೌಕಗಳಾಗಿ ಒಡೆಯುತ್ತದೆ. ಪ್ರತಿಯೊಂದನ್ನೂ ಇಡಿಯಾಗಿ ಉಳಿಸಿಕೊಳ್ಳಬಹುದು, ನಾಲ್ಕಾಗಿ ಸೀಳಬಹುದು, ಸೀಳಿದುದನ್ನು ಮತ್ತೆ ಸೀಳುತ್ತ 8 ಪಿಕ್ಸೆಲ್ಲಿನವರೆಗೂ ಇಳಿಯಬಹುದು. ನೆರೆಯ ಚೌಕಗಳನ್ನು ನೋಡಿ ಊಹಿಸಿ ತುಂಬುವುದಾದರೆ ಅದಕ್ಕೆ 35 ಬಗೆಗಳುಂಟು, ಹಿಂದಿನ ಅಥವಾ ಮುಂದಿನ ಫ್ರೇಮುಗಳಿಂದ ತರುವುದಾದರೆ ದಾರಿಗಳು ಅಸಂಖ್ಯ. ಇವುಗಳಲ್ಲಿ ಯಾವುದು ಕಡಮೆ ವೆಚ್ಚದಲ್ಲಿ ಹೆಚ್ಚು ನಿಷ್ಠವಾಗಿರುವುದೆಂದು ಒಂದೊಂದನ್ನೂ ಮಾಡಿ ಅಳೆದು ನೋಡುವಷ್ಟು ತಾಳ್ಮೆಯುಳ್ಳದ್ದು ಪ್ರೊಸೆಸರಿನಲ್ಲಿ ಓಡುವ ತಂತ್ರಾಂಶ. ಎಕ್ಸ್264, ಎಕ್ಸ್265 ಎಂಬ ಮುಕ್ತ ತಂತ್ರಾಂಶಗಳ ಕರ್ತೃಗಳು ಆ ತಾಳ್ಮೆಗೆ ‘ಅಲ್ಟ್ರಾಫಾಸ್ಟ್’ ಮೊದಲಾಗಿ ‘ವೆರಿಸ್ಲೋ’ ವರೆಗೆ ಒಂಬತ್ತು ಮೆಟ್ಟಿಲುಗಳನ್ನು ಕಡೆದಿಟ್ಟು, ಹತ್ತನೆಯದಕ್ಕೆ ‘ಪ್ಲಸೀಬೊ’ ಎಂದು ನಾಮಕರಣ ಮಾಡಿದ್ದಾರೆ. ಅಷ್ಟು ಮೇಲೇರುವ ಹಟವಾದಿಗೆ ದೊರೆಯುವುದು ವೈದ್ಯರು ರೋಗಿಯ ಸಮಾಧಾನಕ್ಕೆ ಕೊಡುವ ಸಕ್ಕರೆಯ ಗುಳಿಗೆಯ ಫಲವಷ್ಟೇ ಎಂಬುದನ್ನು ಹೆಸರಿನಲ್ಲಿಯೇ ಹೇಳಿ ನಗುವ ಪ್ರಾಮಾಣಿಕತೆ ಎಲ್ಲ ಶಾಸ್ತ್ರಕಾರರಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನನ್ನ ತಂಗಿಯ ಮಗಳ ಮದುವೆ ವೈಶಾಖದಲ್ಲಿ ನಡೆಯಿತು. ವೀಡಿಯೊದವರು ಇಡೀ ಸಮಾರಂಭವನ್ನು ಹಾರ್ಡ್ ಡಿಸ್ಕೊಂದರಲ್ಲಿ ತುಂಬಿ ಒಪ್ಪಿಸಿದ ಮೇಲೆ, ಅದನ್ನು ಹಿಂಡಿ ನಾಲ್ಕು ಕಡೆಗೆ ಹಂಚತಕ್ಕ ಹೊಣೆ ಮದುಮಗಳ ತಮ್ಮನ ಮೇಲೆ, ಎಂದರೆ ನನ್ನ ಸೋದರಳಿಯನ ಮೇಲೆ ಬಿದ್ದಿತು. ಅವನ ಕಂಪ್ಯೂಟರು ಕಾಲೇಜಿನ ದಿನಗಳಲ್ಲಿ ಕೊಂಡದ್ದು. ಎಕ್ಸ್265ನ ‘ಸ್ಲೋ’ ಮೆಟ್ಟಿಲಿನಲ್ಲಿ ನಿಲ್ಲಿಸಿದರೆ ಸೆಕೆಂಡಿಗೆ ಮೂರು ಫ್ರೇಮುಗಳಿಗಿಂತ ಮುಂದೆ ಹೋಗುತ್ತಿರಲಿಲ್ಲ. ಒಂದು ಗಂಟೆಯ ಚಿತ್ರಕ್ಕೆ ಒಂದು ಇಡೀ ರಾತ್ರಿ!

"ಅಣ್ಣಾ, ನೀನಾದರೂ ಇವನಿಗೆ ಹೇಳು. ನ್ಯೂಜೆರ್ಸಿಯಿಂದ ನಮ್ಮ ನಾದಿನಿ ದಿನಾ ಫೋನು ಮಾಡಿ ಕೇಳ್ತಾರೆ. ಇವನು ನೋಡಿದರೆ ರಾತ್ರಿಯೆಲ್ಲ ಅದನ್ನ ಓಡಿಸಿಟ್ಟು ಮಲಗ್ತಾನೆ, ಬೆಳಿಗ್ಗೆ ಕೇಳಿದರೆ ಇನ್ನೂ ಕಾಶೀಯಾತ್ರೆ ಆಗ್ತಿದೆ ಅಂತಾನೆ," ಎಂದಳು ನನ್ನ ತಂಗಿ.

"ಮಾವ, ಪ್ರೊಸೆಸರಿಗೇ ಬಿಟ್ಟರೆ ಗೌರಿ ಹಬ್ಬಕ್ಕೂ ಮುಗಿಯಲ್ಲ. ಒಂದು ಕಾರ್ಡು ಹಾಕಿಸಿದರೆ ಕಾಶೀಯಾತ್ರೆಯಿಂದ ಆರತಕ್ಷತೆವರೆಗೂ ಒಂದೇ ದಿನಕ್ಕೆ ಆಗಿಹೋಗುತ್ತೆ," ಎಂದ ಅವನು.

ಕಾರ್ಡು ಬಂದಿತು. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದ ಪಟ್ಟಿಯಲ್ಲಿ ಎಕ್ಸ್265 ಎಂದಿದ್ದುದನ್ನು ಕಾರ್ಡಿಗೆ ಸೇರಿದ ಎನ್‌ವೆಂಕ್ ಎಂದು ಬದಲಾಯಿಸಿದ್ದಷ್ಟೇ. ಸೆಕೆಂಡಿಗೆ ಮೂರರಲ್ಲಿ ತೆವಳುತ್ತಿದ್ದ ಫ್ರೇಮುಗಳು ನೂರರ ಆಸುಪಾಸಿಗೆ ಜಿಗಿದು, ಒಂದು ಗಂಟೆಯ ಚಿತ್ರ ಕಾಲು ಗಂಟೆಯಲ್ಲಿ ಮುಗಿದು ಕೈಗೆ ಬಂದಿತು. ಆಗ ಅವನು ಟಾಸ್ಕ್ ಮ್ಯಾನೇಜರನ್ನು ತೆರೆದು ತೋರಿಸಿದ ಒಂದು ಸಂಗತಿ ನನ್ನ ಕುತೂಹಲವನ್ನು ಕೆರಳಿಸಿತು. ಕಾರ್ಡಿನ ಮುಖ್ಯ ಬಲವಾದ ಸಾವಿರಾರು ಲೆಕ್ಕಿಗ ಘಟಕಗಳ ರೇಖಾಚಿತ್ರವು ತಳಕ್ಕಂಟಿಕೊಂಡು ನಿರುದ್ಯೋಗಿಯಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿದ್ದ ‘ವೀಡಿಯೊ ಎನ್‌ಕೋಡ್’ ಎಂಬ ಬೇರೊಂದು ಪುಟ್ಟ ಚೌಕದ ರೇಖೆ ಮಾತ್ರ ನೆತ್ತಿಯನ್ನು ಮುಟ್ಟಿ ನಿಂತಿತ್ತು. ಆಟಗಳ ಲೋಕವನ್ನು ಕಣ್ಣೆದುರಿಗೆ ಕಟ್ಟಿ ನಿಲ್ಲಿಸುವ ಆ ಮಹಾಸೈನ್ಯವು ಈ ಕೆಲಸಕ್ಕೆ ಕೈಯನ್ನೇ ಹಾಕುತ್ತಿಲ್ಲವೆಂದಾದರೆ, ಕೆಲಸ ಮಾಡುತ್ತಿರುವವರಾರು?

ಇದಕ್ಕೊಂದು ಪೂರ್ವಕಥೆಯುಂಟು. 1999ರಲ್ಲಿ ಎನ್ವಿಡಿಯ ಕಂಪನಿಯ ಜಿಫೋರ್ಸ್ 256 ಎಂಬ ಕಾರ್ಡು ಜಿ.ಪಿ.ಯು. ಎಂಬ ಬಿರುದನ್ನು ಧರಿಸಿ ಮಾರುಕಟ್ಟೆಗೆ ಬಂದಾಗ ಅದರ ಗುರಿ ಆಟಗಳಾಚೆಗೆ ಹೋಗಿರಲಿಲ್ಲ. 2006ರಲ್ಲಿ ಅದೇ ಕಂಪನಿ ಕೂಡಾ ಎಂಬ ವ್ಯವಸ್ಥೆಯನ್ನು ಘೋಷಿಸಿ, ಕಾರ್ಡಿನ ಘಟಕಗಳಿಂದ ಆಟವಲ್ಲದೆ ಬೇರೆ ಗಣಿತವನ್ನೂ ಮಾಡಿಸಬಹುದೆಂದು ಸಾರಿದ ಮೇಲೆ, ಹಾಗಾದರೆ ವೀಡಿಯೊವನ್ನೇಕೆ ಹಿಂಡಿಸಬಾರದೆಂಬ ಆಲೋಚನೆ ಹಲವರಿಗೆ ಹೊಳೆಯಿತು. 2008ರಲ್ಲಿ ಎಲಿಮೆಂಟಲ್ ಎಂಬ ಸಂಸ್ಥೆಯು ಬಡಾಬೂಮ್ ಎಂಬ ತಂತ್ರಾಂಶವನ್ನು ಇದಕ್ಕೆಂದೇ ಮಾರಾಟಕ್ಕಿಟ್ಟಿತು. ವೇಗವೇನೋ ಬಂದಿತು, ಆದರೆ ನಿರೀಕ್ಷಿಸಿದಷ್ಟು ಬರಲಿಲ್ಲ. ಚಿತ್ರದ ಗುಣವಂತೂ ಎಕ್ಸ್264ನ ಸಮೀಪಕ್ಕೂ ಸುಳಿಯಲಿಲ್ಲ. ಕಾರಣ ಸರಳವಾದುದು. ಸಾವಿರ ಮಂದಿ ಏಕಕಾಲಕ್ಕೆ ಕೆಲಸ ಮಾಡಬೇಕಾದರೆ ಒಬ್ಬನ ಕೆಲಸ ಇನ್ನೊಬ್ಬನದನ್ನು ಕಾಯಬಾರದು. ಎನ್‌ಕೋಡಿಂಗಿನಲ್ಲಾದರೋ ಪ್ರತಿ ಚೌಕವೂ ತನ್ನ ಎಡದ ಮತ್ತು ಮೇಲಣ ಚೌಕಗಳು ಏನಾದುವೆಂದು ತಿಳಿಯುವವರೆಗೆ ತನ್ನ ನಿರ್ಣಯವನ್ನು ಮಾಡಲಾರದು, ಕಡೆಯಲ್ಲಿ ಬಿಟ್ಟುಗಳನ್ನು ಹೆಣೆಯುವ ಹಂತವಂತೂ ಹಿಂದಿನ ಬಿಟ್ಟು ಗೊತ್ತಾಗದೆ ಮುಂದಿನದನ್ನು ಬರೆಯಲಾರದು. ಸರದಿಯಲ್ಲಿ ನಿಂತು ಮಾಡತಕ್ಕ ಕೆಲಸಕ್ಕೆ ಸೈನ್ಯದಿಂದ ಪ್ರಯೋಜನವೇನು?

ಆದ್ದರಿಂದ ತಯಾರಕರು ಬೇರೆ ಮಾರ್ಗವನ್ನು ಹಿಡಿದರು. ಎನ್‌ಕೋಡಿಂಗೊಂದನ್ನೇ ಮಾಡಬಲ್ಲ, ಅದರ ಹೊರತು ಇನ್ನೇನನ್ನೂ ಅರಿಯದ ಒಂದು ಪುಟ್ಟ ಮಂಡಲವನ್ನು ಸಿಲಿಕಾನಿನಲ್ಲಿಯೇ ಕೆತ್ತಿ ಒಂದು ಮೂಲೆಯಲ್ಲಿ ಕೂರಿಸಿಬಿಟ್ಟರು. ಇಂಟೆಲ್ 2011ರ ಜನವರಿಯಲ್ಲಿ ಸ್ಯಾಂಡಿ ಬ್ರಿಜ್ ಪ್ರೊಸೆಸರುಗಳೊಳಗೆ ಕ್ವಿಕ್ ಸಿಂಕ್ ಎಂಬ ಹೆಸರಿನಿಂದ ಇದನ್ನು ತಂದಿತು, ಎನ್ವಿಡಿಯ 2012ರ ಮಾರ್ಚಿನಲ್ಲಿ ಜಿಟಿಎಕ್ಸ್ 680 ಕಾರ್ಡಿನೊಡನೆ ಎನ್‌ವೆಂಕ್ ಎಂದು ತಂದಿತು, ಎ.ಎಂ.ಡಿ.ಯೂ ಬಹಳ ಹಿಂದೆ ಬೀಳಲಿಲ್ಲ. ನಮ್ಮ ಅಡುಗೆಮನೆಯ ಚಕ್ಕುಲಿ ಒರಳಿನ ಧರ್ಮವೇ ಈ ಮಂಡಲದ ಧರ್ಮ: ಒಳಗೆ ಕೂರಿಸಿದ ಬಿಲ್ಲೆಯಲ್ಲಿ ಎಷ್ಟು ಮೂಲೆಗಳಿವೆಯೋ ಅಷ್ಟೇ ಮೂಲೆಗಳ ಚಕ್ಕುಲಿ, ಒತ್ತಿದಷ್ಟೂ ಸರಸರನೆ, ಒಂದರಂತೆ ಒಂದು, ಕೈಚಕ್ಕುಲಿ ಸುತ್ತುವ ಅಜ್ಜಿಯಾದರೆ ಹಿಟ್ಟಿನ ಹದ ನೋಡಿ ಒಂದೆಡೆ ಬಿಗಿದು ಒಂದೆಡೆ ಸಡಿಲಿಸಿಯಾಳು, ಒರಳಿಗೆ ಆ ವಿವೇಚನೆಯಿಲ್ಲ, ಅದನ್ನು ಅದರಿಂದ ಅಪೇಕ್ಷಿಸುವುದೂ ನ್ಯಾಯವಲ್ಲ. 35 ಬಗೆಗಳನ್ನೂ ಅಳೆದು ನೋಡುವ ಬದಲು ಸಾಮಾನ್ಯವಾಗಿ ಗೆಲ್ಲತಕ್ಕ ಕೆಲವನ್ನು ನೋಡಿ, ಚಲನೆಯನ್ನು ಹತ್ತಿರದಲ್ಲಿ ಹುಡುಕಿ ಸಿಕ್ಕಿದರೆ ಸರಿ, ಇಲ್ಲವಾದರೆ ಬಿಟ್ಟು ಮುಂದೆ ನಡೆಯುವುದರಿಂದಲೇ ಅದಕ್ಕೆ ಆ ವೇಗ ದೊರೆತಿರುವುದು.

ಈ ಭೇದ ಕಣ್ಣಿಗೆ ಕಾಣಿಸುವುದೇ ಎಂದು ಕೇಳುವವರಿಗೆ ನಾನು ಉತ್ತರವಾಗಿ ಹೇಳಬಲ್ಲದ್ದು ಆ ಮದುವೆಯ ಮುಹೂರ್ತದ ದೃಶ್ಯವನ್ನು. ಅಳಿಯನು ಪ್ರೊಸೆಸರಿನಿಂದ ಒಂದು ಪ್ರತಿಯನ್ನೂ ಕಾರ್ಡಿನಿಂದ ಒಂದು ಪ್ರತಿಯನ್ನೂ, ಎರಡೂ ಸೆಕೆಂಡಿಗೆ 8 ಮೆಗಾಬಿಟ್, ಎಂದರೆ ಗಂಟೆಗೆ 3.6 ಗಿಗಾಬೈಟಿನ ಲೆಕ್ಕಕ್ಕೆ ಸರಿಯಾಗಿ ಹಿಂಡಿಸಿ, ಟಿ.ವಿ.ಯಲ್ಲಿ ಒಂದಾದಮೇಲೊಂದನ್ನು ಹಾಕಿದನು. ನಡುವೆ ಅಂತರಪಟವನ್ನು ಹಿಡಿದಿರಲು, ವಧೂವರರು ಜೀರಿಗೆ ಬೆಲ್ಲವನ್ನು ಕೈಯಲ್ಲಿ ಅದುಮಿಕೊಂಡು, ಮಂಗಳಾಷ್ಟಕದ ಮುಕ್ತಾಯಕ್ಕಾಗಿ ಸಭೆಯೆಲ್ಲ ಕಾದಿರುವ ಆ ಸ್ತಬ್ಧ ಗಳಿಗೆಯಲ್ಲಿ ಎರಡು ಪ್ರತಿಗಳಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಬಟ್ಟೆಯ ಮೇಲಣ ಸ್ವಸ್ತಿಕ, ಹಿಂದಣ ಹೂವಿನ ಅಲಂಕಾರ, ತಂಗಿಯ ಸೀರೆಯ ಜರಿ, ಎಲ್ಲವೂ ಎರಡರಲ್ಲಿಯೂ ಸ್ಫುಟವಾಗಿದ್ದುವು. ಗಟ್ಟಿಮೇಳ ಮೊಳಗಿತು, ಅಂತರಪಟ ಸರಿಯಿತು, ನಾನಾ ಕಡೆಯಿಂದ ನೂರಾರು ಕೈಗಳು ಒಮ್ಮೆಗೇ ಮೇಲೆದ್ದು ಅಕ್ಷತೆಯನ್ನು ಚೆಲ್ಲಿದುವು. ಎನ್‌ಕೋಡರಿಗೆ ಇದಕ್ಕಿಂತ ದುಸ್ತರವಾದ ಪರೀಕ್ಷೆಯನ್ನು ಒಡ್ಡುವುದು ಕಷ್ಟ. ಒಂದೊಂದು ಕಾಳಿಗೂ ಬೇರೆ ಬೇರೆ ಪಥ, ಬೇರೆ ಬೇರೆ ವೇಗ. ಈ ಫ್ರೇಮಿನ ಕಾಳು ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತೆಂದು ಹುಡುಕಿದರೆ ಸಿಕ್ಕುವುದು ಮತ್ತಾವುದೋ ಕಾಳು. ಸಾಲದುದಕ್ಕೆ ಕ್ಯಾಮೆರಾಗಳ ಫ್ಲಾಷು ಮಿಂಚಿ ಮಂಟಪದ ಬೆಳಕೆಲ್ಲ ಏರುಪೇರು. ಕಾರ್ಡಿನ ಪ್ರತಿಯಲ್ಲಿ ಅರ್ಧ ಸೆಕೆಂಡಿನ ಕಾಲ ಪುರೋಹಿತರ ಮುಖ ಚೌಕ ಚೌಕವಾಗಿ ಒಡೆದು, ಹಾರುತ್ತಿದ್ದ ಕಾಳುಗಳು ಒಂದಕ್ಕೊಂದು ಕಲಸಿ ಮಾಸಲು ಹಳದಿಯ ಬಳಿತವಾಗಿ, ಮದುಮಗಳ ಹಣೆಯ ಬಾಸಿಂಗದ ಮುತ್ತುಗಳು ಅಳಿಸಿಹೋದುವು. ಪ್ರೊಸೆಸರಿನ ಪ್ರತಿಯಲ್ಲಿಯೂ ದೃಶ್ಯ ಕಿಂಚಿತ್ ಮೆತ್ತಗಾಯಿತೆಂಬುದನ್ನು ಒಪ್ಪಬೇಕು, ಆದರೆ ಅಲ್ಲಿ ಕಾಳು ಕಾಳಾಗಿಯೇ ಉಳಿದಿತ್ತು, ಮುತ್ತು ಮುತ್ತಾಗಿಯೇ ಉಳಿದಿತ್ತು. ಎಕ್ಸ್265 ಮುಂದೆ ಬರಲಿರುವ ಇಪ್ಪತ್ತಕ್ಕೂ ಹೆಚ್ಚು ಫ್ರೇಮುಗಳನ್ನು ಮುಂಚಿತವಾಗಿಯೇ ನೋಡಿಟ್ಟುಕೊಂಡು, ಅಂತರಪಟದ ನಿಶ್ಚಲ ಗಳಿಗೆಯಲ್ಲಿ ಮಿಗಿಸಿದ ಬಿಟ್ಟುಗಳನ್ನು ಅಕ್ಷತೆಯ ಗಳಿಗೆಗೆಂದು ಕಾದಿರಿಸಿತ್ತು. ಕಾರ್ಡಿಗೂ ಹೀಗೆ ಮುನ್ನೋಡುವ ಆಯ್ಕೆಯುಂಟು; ಅದನ್ನು ನಾವಾಗಿ ತೆರೆದುಕೊಡಬೇಕು, ತೆರೆದರೂ ಅಂತರ ಕಡಮೆಯಾದೀತೇ ಹೊರತು ಮುಚ್ಚಿಹೋಗುವುದಿಲ್ಲ.

"ಅಕ್ಷತೆ ಬೀಳೋ ಎರಡು ಸೆಕೆಂಡಿಗೆ ಎಂಟು ಗಂಟೆ ಕಾಯಬೇಕಾ, ಮಾವ?" ಎಂದು ಅಳಿಯ ಕೇಳಿದನು. ಮದುವೆಯೊಳಗೆ ಆ ಎರಡು ಸೆಕೆಂಡುಗಳಿಗೇ ಅಲ್ಲವೇನೋ ಉಳಿದೆಲ್ಲ ಗಂಟೆಗಳು ಕಾದಿದ್ದುದು, ಎಂದು ನಾನೆಂದೆ. ನನ್ನ ತಂಗಿಗೆ ಈ ಮಾತು ಒಪ್ಪಿಗೆಯಾಯಿತು, ಅವನಿಗೆ ಆಗಲಿಲ್ಲ.

ಇಷ್ಟರಿಂದ ಕಾರ್ಡನ್ನು ನಾನು ನಿಂದಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕಾಯುವುದಕ್ಕೆ ರಾತ್ರಿಯೇ ಇಲ್ಲದಂತಹ ಕೆಲಸಗಳು ಲೋಕದಲ್ಲಿ ಎಷ್ಟೋ ಇವೆ. 2020ರಲ್ಲಿ ಕೊರೋನಾದ ನಿರ್ಬಂಧದಿಂದ ಮದುವೆಗಳಿಗೆ ಬಂಧುಗಳು ಬರಲಾರದೆ ಹೋದಾಗ, ಮಾಂಗಲ್ಯಧಾರಣೆಯನ್ನು ಅದು ನಡೆಯುವ ಕ್ಷಣದಲ್ಲಿಯೇ ದೂರದೂರುಗಳಿಗೆ ಕಳುಹಿಸಬೇಕಾಯಿತು. ಇಂದು ಕರಾವಳಿಯ ಯಕ್ಷಗಾನ ಬಯಲಾಟಗಳನ್ನು ದುಬೈಯಲ್ಲಿ ಕುಳಿತವರು ರಾತ್ರಿಯೆಲ್ಲ ನೋಡುತ್ತಾರೆ. ಅಲ್ಲಿ ಸೆಕೆಂಡಿಗೆ 25 ಫ್ರೇಮುಗಳನ್ನು ಮುಗಿಸದ ಎನ್‌ಕೋಡರು ಎಷ್ಟೇ ವಿವೇಕಿಯಾದರೂ ನಿರುಪಯೋಗಿ. ನಮ್ಮೆಲ್ಲರ ಜೇಬಿನ ಫೋನು ವೀಡಿಯೊ ತೆಗೆಯುವಾಗ ದುಡಿಯುವುದೂ ಇಂಥದೇ ಒಂದು ಪುಟ್ಟ ಮಂಡಲ. ಅದಿಲ್ಲದಿದ್ದರೆ ಫೋನು ಕಾದು ಸುಟ್ಟೀತು, ಬ್ಯಾಟರಿ ಆರತಿಯ ಹೊತ್ತಿಗೇ ಬರಿದಾದೀತು. ನ್ಯೂಜೆರ್ಸಿಯ ನಾದಿನಿಗೆ, ಫೋನಿನ ಗೇಣುದ್ದದ ಪರದೆಯಲ್ಲಿ ಒಮ್ಮೆ ನೋಡಿ ಸಂತೋಷಪಡುವುದಕ್ಕೆ, ಕಾರ್ಡಿನ ಪ್ರತಿಯೇ ಸರಿ ಎಂಬುದರಲ್ಲಿ ನನಗೂ ಅಳಿಯನಿಗೂ ಭಿನ್ನಾಭಿಪ್ರಾಯವಿಲ್ಲ. ಕಾರ್ಡುಗಳೂ ನಿಂತಲ್ಲಿಯೇ ನಿಂತಿಲ್ಲ. 2018ರ ಟ್ಯೂರಿಂಗ್ ಪೀಳಿಗೆಯಿಂದ ಎನ್‌ವೆಂಕಿನ ಗುಣ ಎದ್ದು ಕಾಣುವಂತೆ ಮೇಲೇರಿದೆ, 2022ರಿಂದೀಚೆಗೆ ಇಂಟೆಲ್, ಎನ್ವಿಡಿಯ, ಎ.ಎಂ.ಡಿ. ಮೂರೂ ಎವಿ1 ಎಂಬ ಹೊಸ ಪದ್ಧತಿಯನ್ನು ಕಾರ್ಡಿನೊಳಗೆ ಕೂರಿಸಿವೆ. ಹಳೆಯ ಕಾರ್ಡಿನ ಅನುಭವವನ್ನು ಹಿಡಿದುಕೊಂಡು ಹೊಸದನ್ನು ಅಳೆಯುವುದು ತಕ್ಕುದಲ್ಲ.

ಕೊಳ್ಳಹೊರಟವರು ಇನ್ನೊಂದೆರಡು ಸಂಗತಿಗಳನ್ನು ತಿಳಿದಿರುವುದು ಮೇಲು. ಹಿಂಡುವ ಮೊದಲು ಚಿತ್ರದ ಅಳತೆಯನ್ನು ಕುಗ್ಗಿಸುವುದು, ಮಸುಕನ್ನು ತೊಳೆಯುವುದು ಮುಂತಾದ ಸಂಸ್ಕಾರಗಳನ್ನೆಲ್ಲ ಪ್ರೊಸೆಸರಿನಲ್ಲಿಯೇ ಮಾಡಿಸಿದರೆ, ಕಾರ್ಡು ಎಷ್ಟೇ ಚುರುಕಾಗಿದ್ದರೂ ಅದು ಬಾಗಿಲಲ್ಲಿ ಕಾಯುತ್ತ ಕೂಡಬೇಕಾಗುತ್ತದೆ. ಹಾಕಿದ ದುಡ್ಡಿಗೆ ತಕ್ಕ ವೇಗ ಬರಲಿಲ್ಲವೆಂದು ಗೊಣಗುವ ಅನೇಕರ ಕಷ್ಟದ ಮೂಲ ಇದೇ. ಎನ್ವಿಡಿಯದವರು ಮನೆಬಳಕೆಯ ಕಾರ್ಡುಗಳು ಏಕಕಾಲಕ್ಕೆ ಎಷ್ಟು ವೀಡಿಯೊಗಳನ್ನು ಹಿಂಡಬಹುದೆಂಬುದಕ್ಕೆ ಡ್ರೈವರಿನಲ್ಲಿ ಒಂದು ಮಿತಿಯನ್ನು ಹಾಕಿಟ್ಟಿದ್ದಾರೆ; ಮೊದಲು 2 ಎಂದಿದ್ದುದು ಬಳಿಕ 3, 2023ರಲ್ಲಿ 5, ಹೀಗೆ ಮೇಲೇರುತ್ತ ಬಂದಿದೆ. ಕಾರ್ಡಿಗೆ ಶಕ್ತಿಯಿದ್ದೂ ಅಪ್ಪಣೆಯಿಲ್ಲವೆಂಬ ಈ ವಿಚಿತ್ರ ನ್ಯಾಯ ಕೇವಲ ಸರ್ಕಾರಿ ಕಛೇರಿಗಳ ಸ್ವತ್ತೆಂದು ನಾನು ತಿಳಿದಿದ್ದೆ.

ಕಾರ್ಡಿನಿಂದಲೋ ಪ್ರೊಸೆಸರಿನಿಂದಲೋ ಚಿಕ್ಕದೊಂದು ಪ್ರತಿ ಕೈಗೆ ಬಂದೊಡನೆಯೇ, ಜಾಗ ಸಾಲದೆಂದು ವೀಡಿಯೊದವರು ಕೊಟ್ಟ ಮೂಲವನ್ನು ಅಳಿಸಿ ಕೈತೊಳೆದುಕೊಳ್ಳುವ ಅಭ್ಯಾಸವೊಂದು ಮನೆಮನೆಯಲ್ಲಿಯೂ ಹಬ್ಬುತ್ತಿದೆ. ಹಿಂಡಿದುದನ್ನು ಮತ್ತೆ ಹಿಂಡಿದರೆ ನಷ್ಟದ ಮೇಲೆ ನಷ್ಟ; ಮುಂದಿನ ಪೀಳಿಗೆಯ ಕಾರ್ಡು ಎಷ್ಟು ಜಾಣವಾಗಿ ಬಂದರೂ, ಒಮ್ಮೆ ಬಿಸುಟ ಮುತ್ತನ್ನು ಚಿತ್ರಕ್ಕೆ ಮರಳಿ ತರಲಾರದು. ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಹಂಚುವ ಪ್ರತಿಗಳನ್ನು ಬೇಕಾದ ಅವಸರದಲ್ಲಿ ಮಾಡಿಕೊಳ್ಳಿ, ಮೂಲವನ್ನು ಮಾತ್ರ ಎರಡು ಹಾರ್ಡ್ ಡಿಸ್ಕುಗಳಲ್ಲಿ ಬೇರೆ ಬೇರೆ ಮನೆಗಳಲ್ಲಿ ಇಟ್ಟುಕೊಳ್ಳಿ. ಒಂದು ಹಾರ್ಡ್ ಡಿಸ್ಕಿನ ಬೆಲೆ, ಮದುವೆಯ ದಿನ ಊಟದ ಒಂದು ಪಂಕ್ತಿಗೆ ತಗುಲಿದ ವೆಚ್ಚಕ್ಕಿಂತ ಕಡಮೆಯೇ.